ಮಬ್ಬುಬೆಳಕಿನ ಹಕ್ಕಿಯೂ ಉದ್ದದ ಮಸೂರವೂ

ಕೊಚ್ಚಿಯಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿ, ಕೋತಮಂಗಲದ ಆಚೆ, ಪೆರಿಯಾರ್ ನದಿಯ ಉತ್ತರ ದಡದ ಮೇಲೆ ತಟ್ಟೇಕ್ಕಾಡು ಪಕ್ಷಿಧಾಮವಿದೆ. ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಪಕ್ಷಿಗಳ ಸಮೀಕ್ಷೆಗಾಗಿ 1933ರಲ್ಲಿ ಬಂದ ಸಾಲಿಂ ಅಲಿಯವರು ಈ ಕಾಡಿನ ಸಮೃದ್ಧಿಯನ್ನು ಗುರುತಿಸಿದರು. ಅರ್ಧ ಶತಮಾನದ ಬಳಿಕ, 1983ರಲ್ಲಿ, 25 ಚದರ ಕಿಲೋಮೀಟರುಗಳ ಈ ಪ್ರದೇಶವು ಪಕ್ಷಿಧಾಮವಾಯಿತು. ಇಂದು ಅದು ಅವರ ಹೆಸರನ್ನೇ ಹೊತ್ತಿದೆ.

ಅಲ್ಲಿಗೆ ಕ್ಯಾಮರಾ ಹಿಡಿದು ಹೋಗುವವರು ಮೊದಲು ವಿಚಾರಿಸುವ ಹಕ್ಕಿಗಳಲ್ಲಿ ಕಪ್ಪೆಬಾಯಿ ಹಕ್ಕಿಯೂ ಒಂದು. ಮಲೆಯಾಳಿಗಳು ಇದನ್ನು ‘ಮಾಕ್ಕಾಚ್ಚಿಕ್ಕಾಡ’ ಎನ್ನುತ್ತಾರೆ. ಮಾಕ್ಕಾಚ್ಚಿ ಎಂದರೆ ಕಪ್ಪೆ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕೆಗಳಲ್ಲಿ ಮಾತ್ರ ಕಾಣುವ ಈ ನಿಶಾಚರ ಪಕ್ಷಿಯ ಉದ್ದ ಸುಮಾರು 23 ಸೆಂಟಿಮೀಟರು, ಅಂದರೆ ಒಂದು ಗೇಣು. ಹಗಲೆಲ್ಲ ಜೋಡಿಯಾಗಿ, ಒಣಗಿದೆಲೆಯೋ ಎಂಬಂತೆ ಒಂದೇ ಕೊಂಬೆಯ ಮೇಲೆ ಕುಳಿತಿರುತ್ತದೆ. ಗಂಡು ಬೂದುಬಣ್ಣದ್ದು, ಹೆಣ್ಣು ಕೆಂಗಂದು.

ಈಗ ಬೆಳಕಿನ ಲೆಕ್ಕವನ್ನು ನೋಡೋಣ. ಬಯಲಿನ ಬಿಸಿಲಿನಲ್ಲಿ ಐ.ಎಸ್.ಓ. 100 ಇಟ್ಟು, ಮಸೂರದ ರಂಧ್ರವನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕಾಗುತ್ತದೆ. ದಟ್ಟವಾದ ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ಆ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರವೇ ಇಳಿಯುವುದುಂಟು. ಒಂದು ಪಾಲೆಂದೇ ಇಟ್ಟುಕೊಂಡರೆ, ಅದೇ ಚಿತ್ರಕ್ಕೆ ಪೂರ್ತಿ ಒಂದು ಸೆಕೆಂಡು ಬೇಕು. 400 ಮಿಲಿಮೀಟರಿನ ಮಸೂರವನ್ನು ಎಫ್/5.6ರವರೆಗೆ ತೆರೆದರೆ ಎಂಟುಪಟ್ಟು ಬೆಳಕು ದೊರೆತು, ಕಾಲ ಸೆಕೆಂಡಿನ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಐ.ಎಸ್.ಓ. 3200ಕ್ಕೆ ಏರಿಸಿದರೂ ಲಭಿಸುವುದು ಸುಮಾರು 1/250 ಸೆಕೆಂಡು. ಕೈಯಲ್ಲಿ ಹಿಡಿದು ತೆಗೆಯಲು ಹಳೆಯ ನಿಯಮದಂತೆ 1/400 ಬೇಕು. ತಿರುವನಂತಪುರದವರಿಗೆ ಹತ್ತಿರವಾದ ಪೇಪ್ಪಾರದ ದಟ್ಟ ಕಾಡಿನಲ್ಲಿಯೂ ಲೆಕ್ಕ ಇದೇ. ಮೂಡಿಗೆರೆಯ ಸೀಮೆಯಲ್ಲಿ ಫಿಲ್ಮ್ ಕ್ಯಾಮರಾದಿಂದ ಹಕ್ಕಿಗಳನ್ನು ಚಿತ್ರಿಸಿದ ಪೂರ್ಣಚಂದ್ರ ತೇಜಸ್ವಿಯವರಿಗೆ ಇಂಥ ಐ.ಎಸ್.ಓ. ಏರಿಕೆಯ ಸೌಕರ್ಯವಿರಲಿಲ್ಲವೆಂಬುದನ್ನು ನೆನೆದರೆ ಅವರ ಚಿತ್ರಗಳ ಮೇಲಿನ ಆದರ ಹೆಚ್ಚೀತು.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ಹಕ್ಕಿಯೇ ತೋರಿಸುತ್ತದೆ. ಅದು ಅಲುಗುವುದಿಲ್ಲ. ಆದುದರಿಂದ ಟ್ರೈಪಾಡಿನ ಮೇಲೆ ಕ್ಯಾಮರಾವನ್ನು ಭದ್ರಪಡಿಸಿ, ಗುಂಡಿಯನ್ನು ಕೈಯಿಂದ ಒತ್ತದೆ ಎರಡು ಸೆಕೆಂಡಿನ ವಿಳಂಬವನ್ನಿಟ್ಟು, ಗಾಳಿ ನಿಂತ ಗಳಿಗೆಯಲ್ಲಿ ಎಂಟನೆಯ ಒಂದು ಭಾಗದಷ್ಟು ನಿಧಾನವಾಗಿ ತೆಗೆದರೂ ಗರಿಗಳ ಗೆರೆಗಳು ಸ್ಪಷ್ಟವಾಗಿ ಮೂಡುತ್ತವೆ. ಹತ್ತು ಮೀಟರು ದೂರದಲ್ಲಿ ಈ ಮಸೂರಕ್ಕೆ ಸ್ಫುಟವಾಗಿ ಕಾಣುವ ಆಳವೂ ಸುಮಾರು ಒಂದು ಗೇಣೇ. ಮುಚ್ಚಿದ ಕಣ್ಣಿನ ಮೇಲೆಯೇ ಗುರಿಯಿಡಬೇಕು. ಫ್ಲಾಷ್ ಬೆಳಕು ಇಲ್ಲಿ ಅನಾವಶ್ಯಕ.

ಆದರೆ ಈ ನಿಶ್ಚಲತೆಯನ್ನು ಹಕ್ಕಿಯ ಸಮ್ಮತಿಯೆಂದು ಭಾವಿಸುವುದುಂಟು, ಅದು ಸಲ್ಲದು. ಕಪ್ಪೆಬಾಯಿಗೆ ಗಾಬರಿಯಾದಾಗ ಹಾರುವುದಕ್ಕಿಂತ ಮೊದಲು ನಿಧಾನವಾಗಿ ತಲೆಯನ್ನು ತಿರುಗಿಸಿ, ಕೊಕ್ಕನ್ನು ಮೇಲೆತ್ತಿ, ಮುರಿದ ಕೊಂಬೆಯಂತೆ ಸೆಟೆದುಕೊಳ್ಳುತ್ತದೆ. ಎಷ್ಟೋ ಮಂದಿ ಮೆಚ್ಚಿ ಪ್ರದರ್ಶಿಸುವ ‘ಅಪೂರ್ವ ಭಂಗಿ’ ಹೀಗೆ ಹೆದರಿದ ಹಕ್ಕಿಯದೇ ಆಗಿರುವ ಸಂಭವವಿದೆ. ಕೊಕ್ಕು ಮೇಲೇರತೊಡಗಿದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಮತ್ತೆ ತಗ್ಗುವವರೆಗೆ ಷಟರನ್ನು ಮುಟ್ಟಬಾರದು. ಉದ್ದದ ಮಸೂರವೆಂದರೆ ಹಕ್ಕಿಯನ್ನು ದೊಡ್ಡದು ಮಾಡುವ ಯಂತ್ರವೆಂದು ಜಾಹೀರಾತುಗಳು ಹೇಳುತ್ತವೆ. ನನ್ನ ಮತದಲ್ಲಿ ಅದು ನಮ್ಮನ್ನು ದೂರದಲ್ಲಿ ನಿಲ್ಲಿಸುವ ಯಂತ್ರ.

ಜನವರಿಯಿಂದ ಏಪ್ರಿಲ್‌ವರೆಗೆ, ಗೂಡಿನ ಕಾಲದಲ್ಲಿ, ಈ ಎಚ್ಚರ ಇಮ್ಮಡಿಯಾಗಬೇಕು. ಪಾಚಿ, ತೊಗಟೆಗಳನ್ನು ಹೊದಿಸಿದ ಪುಟ್ಟ ಗೂಡಿನಲ್ಲಿ ಇಡುವುದು ಒಂದೇ ಒಂದು ಬಿಳಿಯ ಮೊಟ್ಟೆ. ಹಗಲಿನಲ್ಲಿ ಕಾವು ಕೊಡುವುದು ಗಂಡು. ಅದು ಎದ್ದು ಹಾರಿದರೆ ಆ ಬಿಳುಪು ಹಸುರಿನ ನಡುವೆ ಯಾರ ಕಣ್ಣಿಗಾದರೂ ಬೀಳುವಂತಿರುತ್ತದೆ.