ಒಣದ್ರಾಕ್ಷಿಯ ಗಂಧಕ, ಕೂಡಗಿಯ ಹೊಗೆ

‘ನಾವು ದ್ರಾಕ್ಷಿಗೆ ಗಂಧಕದ ಹೊಗಿ ಕೊಡ್ತೀವಲ್ರಿ, ಕೂಡಗಿ ಚಿಮಣಿಯಿಂದ ಬರೋದೂ ಅದ ಏನ್ರಿ?’ ತಿಕೋಟಾದ ಬೆಳೆಗಾರರೊಬ್ಬರ ಪ್ರಶ್ನೆ. ಒಣದ್ರಾಕ್ಷಿಯ ಹೊಂಬಣ್ಣ ಕೆಡದಿರಲೆಂದು ಗಂಧಕಕ್ಕೆ ಕಿಡಿ ತಾಗಿಸಿ, ಮೂಗಿಗೆ ಟವೆಲ್ ಒತ್ತಿಕೊಂಡು ಹೊರಗೋಡಿ ಬರುವ ಇವರಿಗೆ ಸಲ್ಫರ್ ಡೈಆಕ್ಸೈಡ್ ಪರಿಚಯಿಸಬೇಕಿಲ್ಲ.

ಹೌದು, ಅದೂ ಇದೆ. ಆದರೆ ಬೂದಿಯೂ ಇದೆ. ಆಲಮಟ್ಟಿಯ ನೀರು ಬಳಸುವ ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ. ನಮ್ಮ ದೇಶದ ಕಲ್ಲಿದ್ದಲು ನೂರು ಕಿಲೋ ಉರಿದರೆ ಮೂವತ್ತು–ನಲವತ್ತು ಕಿಲೋ ಬೂದಿ. ಅದರಲ್ಲಿ ಬಹುಪಾಲು ಹಿಟ್ಟಿನಷ್ಟು ನುಣುಪಾಗಿ ಬಿಸಿ ಹೊಗೆಯ ಜೊತೆಗೇ ಹಾರುತ್ತದೆ. ಕಣದಲ್ಲಿ ಜೋಳ ತೂರಿದರೆ ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಹಾರುತ್ತದೆ. ಇಲ್ಲಿ ಹಿಡಿಯಬೇಕಾದದ್ದು ಹೊಟ್ಟಿಗಿಂತ ಹಗುರ.

ಇಂಥ ಹೊಗೆಕಣಗಳನ್ನು ವಿದ್ಯುತ್ತಿನಿಂದ ಹಿಡಿಯಲು 1880ರ ದಶಕದಲ್ಲೇ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಹೊರಟಿದ್ದರು. ವೇಲ್ಸ್‌ನ ಸೀಸದ ಕುಲುಮೆಯೊಂದರಲ್ಲಿ ಪ್ರಯೋಗ ಸೋತಿತು. ಗೆದ್ದವರು ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಕಾಟ್ರೆಲ್. ಒಂದು ಸಂಜೆ ಅವರ ಪ್ರಯೋಗಾಲಯದಲ್ಲಿ ಹತ್ತಿನೂಲು ಸುತ್ತಿದ ತಂತಿ ಉದ್ದಕ್ಕೂ ನೇರಳೆಯಾಗಿ ಮಿನುಗುತ್ತಿತ್ತು. ನೂಲಿನ ಒಂದೊಂದು ಎಳೆಯೂ ಸೂಜಿಮೊನೆಯಂತೆ ಗಾಳಿಗೆ ವಿದ್ಯುದಂಶ ಉಗುಳುತ್ತಿತ್ತು! 1907ರ ಹೊತ್ತಿಗೆ ಅವರು ಹಿಡಿದು ತೋರಿಸಿದ್ದು ಗಂಧಕಾಮ್ಲದ ಮಂಜನ್ನು.

ಇಂದಿನ ಸ್ಥಾವರಗಳಲ್ಲೂ ಅದೇ ಉಪಾಯ. ಸುಮಾರು 130 ಡಿಗ್ರಿಗೆ ಇಳಿದ ಹೊಗೆ ಸಾವಿರಾರು ವೋಲ್ಟಿನ ತಂತಿಗಳ ಪಕ್ಕ ಹಾಯುತ್ತದೆ; ವಿದ್ಯುದಂಶ ಪಡೆದ ಬೂದಿ ಉಕ್ಕಿನ ತಗಡುಗಳಿಗೆ ಅಂಟುತ್ತದೆ; ಸುತ್ತಿಗೆ ಬಡಿದಾಗ ಕೆಳಗುದುರುತ್ತದೆ.

ಇಲ್ಲೊಂದು ತೊಡಕು. ಹೊಗೆಯಲ್ಲಿ ಗಂಧಕದ ಟ್ರೈಆಕ್ಸೈಡ್ ತುಸುವಿದ್ದರೆ ಬೂದಿಯ ಮೇಲೆ ತೆಳು ಪಸೆ ಕೂತು, ವಿದ್ಯುದಂಶ ತಗಡಿಗೆ ಸುಲಭವಾಗಿ ಇಳಿಯುತ್ತದೆ. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ನೂರಕ್ಕೆ ಅರ್ಧದಷ್ಟು. ಹಾಗಾಗಿ ಬೂದಿ ವಿದ್ಯುದಂಶ ಬಿಟ್ಟುಕೊಡದೆ ಪದರಗಟ್ಟುತ್ತದೆ, ಹಿಂದೆ ಬರುವ ಕಣಗಳನ್ನು ತಡೆಯುತ್ತದೆ. ನಮ್ಮಲ್ಲಿ ಈ ಯಂತ್ರಗಳು ದೈತ್ಯಗಾತ್ರದಲ್ಲಿರುವುದು ಇದಕ್ಕೇ.

ಹೀಗಿರುವಾಗ ‘ಗಂಧಕ ಕಡಿಮೆ’ ಎಂಬುದನ್ನು ಬರೀ ವರವೆಂದು ಹೇಳುವುದನ್ನು ನಾನು ಒಪ್ಪಲಾರೆ. 2015ರಲ್ಲಿ ಸಲ್ಫರ್ ಡೈಆಕ್ಸೈಡಿಗೆ ಮಿತಿ ಹಾಕಿದ ಕೇಂದ್ರ ಸರ್ಕಾರ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಆ ನಿರ್ಧಾರದ ಪರ ಕೇಳಿಬಂದ ವಾದಗಳಲ್ಲಿ ‘ಗಂಧಕ ಕಡಿಮೆ’ ಎಂಬುದೂ ಒಂದು. ಲೆಕ್ಕ ಹಾಕಿ ನೋಡಿ: ಸಾವಿರ ಟನ್ ಕಲ್ಲಿದ್ದಲಲ್ಲಿ 5 ಟನ್ ಗಂಧಕ. ಉರಿದಾಗ ಅಷ್ಟೇ ತೂಕದ ಆಮ್ಲಜನಕ ಕೂಡಿ 10 ಟನ್ ಅನಿಲ. ಇದು ಕಣವಲ್ಲ, ತಗಡಿಗೆ ಅಂಟುವುದಿಲ್ಲ. ಸುಣ್ಣಕಲ್ಲಿನ ಪುಡಿ ಕಲಸಿದ ನೀರಿನ ತುಂತುರಲ್ಲಿ ಹೊಗೆಯನ್ನು ತೊಳೆದರೆ ಬಹುಪಾಲು ಜಿಪ್ಸಮ್ಮಾಗಿ ಕೈಗೆ ಸಿಗುತ್ತದೆ. ತೊಳೆಯದಿದ್ದರೆ ಅಷ್ಟೂ ಚಿಮಣಿಯಿಂದ ಗಾಳಿಗೆ.