ನೇತಾಜಿ ಹೋದ ಸಬ್‌ಮರೀನ್‌ಗೆ ಎಷ್ಟು ತುಕ್ಕು ಹಿಡಿದಿತ್ತು?

1943ರ ಫೆಬ್ರವರಿ 9ರಂದು ಜರ್ಮನಿಯ ಕೀಲ್ ಬಂದರಿನಿಂದ ಯು-180 ಎಂಬ ಸಬ್‌ಮರೀನ್ ಹೊರಟಿತು. ಒಳಗೆ ಸುಭಾಷ್ ಚಂದ್ರ ಬೋಸ್, ಜೊತೆಗೆ ಆಬಿದ್ ಹಸನ್. ಬ್ರಿಟನ್ನಿನ ಉತ್ತರಕ್ಕೆ ಸುತ್ತು ಹಾಕಿ, ಅಟ್ಲಾಂಟಿಕ್ ಉದ್ದಕ್ಕೂ ಇಳಿದು, ಆಫ್ರಿಕಾದ ತುದಿ ದಾಟಿ, ಏಪ್ರಿಲ್ ಕೊನೆಯ ವಾರ ಅದು ಮಡಗಾಸ್ಕರ್ ಆಚೆಯ ಸಮುದ್ರಕ್ಕೆ ಬಂತು. ಅಲ್ಲಿ ಜಪಾನಿನ ಐ-29 ಸಬ್‌ಮರೀನ್ ಸಿಕ್ಕಿತು. ಅಲೆಗಳ ನಡುವೆ ರಬ್ಬರ್ ದೋಣಿಯಲ್ಲಿ ಇಬ್ಬರೂ ಒಂದರಿಂದ ಇನ್ನೊಂದಕ್ಕೆ ದಾಟಿದರು. ಮೇ 6ಕ್ಕೆ ಸುಮಾತ್ರಾ ಬಳಿಯ ಸಬಾಂಗ್ ತಲುಪಿದರು.

ಈ ಕತೆ ನಮಗೆಲ್ಲ ಗೊತ್ತು. ವಾಟ್ಸಾಪ್‌ನಲ್ಲಿ ಪ್ರತಿ ಜನವರಿ 23ಕ್ಕೆ ಬರುತ್ತೆ. ಆದರೆ ಆ ರಬ್ಬರ್ ದೋಣಿ ದಾಟಿದ ದಿನ ಯು-180 ನೋಡೋಕೆ ಹೇಗಿತ್ತು? ಬೂದು ಬಣ್ಣ ಮಿರಮಿರ ಮಿಂಚುತ್ತಿತ್ತಾ, ಕಿತ್ತು ಹೋಗಿತ್ತಾ? ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಆದರೆ ಅದರ ಮಾಡೆಲ್ ಮಾಡೋಕೆ ಕೂತವರು ಇದಕ್ಕೆ ಉತ್ತರ ಕೊಡಲೇಬೇಕು, ಅದೂ ಬ್ರಷ್ ಹಿಡಿದು.

ಅಂಥವರಲ್ಲಿ ನಾನೂ ಒಬ್ಬ. ಯು-180 ಇದ್ದದ್ದು 9ಡಿ1 ಎಂಬ ವರ್ಗ, ಸುಮಾರು 87.6 ಮೀಟರ್ ಉದ್ದ. ಅಂಗಡಿಯಲ್ಲಿ ಸುಲಭಕ್ಕೆ ಸಿಗೋ ಕಿಟ್‌ಗಳು ಹೆಚ್ಚಿನವು 67 ಮೀಟರಿನ 7ಸಿ ವರ್ಗದವು. ಹಾಗಾಗಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ 1/144 ಅಳತೆಯಲ್ಲಿ ಒಡಲು ಕಟ್ಟಿಕೊಂಡೆ. ಹೆಚ್ಚೂಕಮ್ಮಿ 61 ಸೆಂಟಿಮೀಟರ್. ಕಟ್ಟೋದು ತಾಳ್ಮೆಯ ಕೆಲಸ, ಅಷ್ಟೇ. ಕಷ್ಟ ಶುರುವಾಗೋದು ಬಣ್ಣದಲ್ಲಿ. ಅದಕ್ಕಿಂತ ಹೆಚ್ಚು, ಹಚ್ಚಿದ ಬಣ್ಣವನ್ನು ಹಾಳು ಮಾಡೋದರಲ್ಲಿ. ಮಾಡೆಲ್ ಮಾಡೋರು ಇದಕ್ಕೆ ವೆದರಿಂಗ್ ಅಂತಾರೆ: ಬಿಸಿಲು, ಉಪ್ಪು, ಎಣ್ಣೆ, ಹೊಗೆ, ಕಾಲ್ತುಳಿತ ಎಲ್ಲ ಸೇರಿ ಒಂದು ಯಂತ್ರಕ್ಕೆ ಏನು ಮಾಡುತ್ತವೋ ಅದನ್ನು ಬಣ್ಣದಲ್ಲಿ ತೋರಿಸೋದು.

ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಮೊದಲ ಸಬ್‌ಮರೀನ್‌ಗೆ ಸಿಕ್ಕಸಿಕ್ಕಲ್ಲೆಲ್ಲ ಕೇಸರಿ ತುಕ್ಕು ಸುರಿದಿದ್ದೆ. ನೋಡಿದ ಗೆಳೆಯ ಕೇಳಿದ್ದು ಒಂದೇ ಮಾತು: "ಇದು ಯುದ್ಧಕ್ಕೆ ಹೊರಟಿದ್ದೋ, ಗುಜರಿಗೆ ಹೊರಟಿದ್ದೋ?" ಅವನು ಹೇಳಿದ್ದು ಸರಿ ಇತ್ತು. ತುಕ್ಕು ಜಾಸ್ತಿ ಆದಷ್ಟೂ ನೈಜ ಅನ್ನೋದು ಹೊಸಬರೆಲ್ಲ ಬೀಳೋ ಗುಂಡಿ. ಪ್ರತಿ ಕಲೆಗೂ ಒಂದು ಕಾರಣ ಇರಬೇಕು. ಕಾರಣ ಹೇಳೋಕೆ ಆಗದ ಕಲೆಯನ್ನು ಒರೆಸಿಬಿಡಬೇಕು.

ನೀರೊಳಗಿನದಲ್ಲ, ನೀರ ಮೇಲಿನದು

ಮೊದಲು ತಿಳಿಯಬೇಕಾದ್ದು, ಆ ಕಾಲದ ಸಬ್‌ಮರೀನ್ ನೀರೊಳಗೇ ಬದುಕುವ ಹಡಗಲ್ಲ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು. ಬ್ಯಾಟರಿ ತುಂಬಿಕೊಳ್ಳೋಕೂ ಮೇಲೆ ಬರಲೇಬೇಕು. ಹಾಗಾಗಿ ಪ್ರಯಾಣದ ಬಹುಪಾಲು ಅದು ಮೇಲ್ಮೈಯಲ್ಲೇ ಸಾಗುತ್ತೆ, ಅಪಾಯ ಕಂಡಾಗ ಮುಳುಗುತ್ತೆ. ಅಂದರೆ ಬಣ್ಣ ಹಾಳಾಗೋದು ಆಳದ ಒತ್ತಡದಿಂದಲ್ಲ. ಅಲೆ, ಬಿಸಿಲು, ಗಾಳಿಯಿಂದ.

ಎರಡನೆಯದು, ಹೊರಗೆ ನಮಗೆ ಕಾಣೋದರಲ್ಲಿ ಹೆಚ್ಚಿನದು ಬರೀ ಹೊದಿಕೆ. ಜನ ಇರೋದು ಒಳಗಿನ ದಪ್ಪ ಉಕ್ಕಿನ ಕೊಳವೆಯಲ್ಲಿ. ಅದರ ಮೇಲೆ ತೆಳು ತಗಡಿನ ಹೊರಮೈ, ಅದರ ತುಂಬ ಸಾಲುಸಾಲು ಸೀಳುಗಳು. ಮುಳುಗುವಾಗ ನೀರು ಒಳಗೆ ನುಗ್ಗೋಕೆ, ಏಳುವಾಗ ಸುರಿದು ಹೋಗೋಕೆ ಆ ದಾರಿ. ದಿನಕ್ಕೆ ಹಲವು ಸಲ ಒದ್ದೆ, ಹಲವು ಸಲ ಒಣ. ಕಬ್ಬಿಣಕ್ಕೆ ತುಕ್ಕು ಹಿಡಿಯೋಕೆ ನೀರೂ ಬೇಕು, ಆಮ್ಲಜನಕವೂ ಬೇಕು. ಎರಡೂ ಧಾರಾಳವಾಗಿ ಸಿಗೋದು ಅಲೆ ಬಡಿದು ಹೋಗೋ ಪಟ್ಟಿಯಲ್ಲಿ, ಈ ಸೀಳುಗಳ ಅಂಚಿನಲ್ಲಿ. ಸದಾ ನೀರೊಳಗಿರುವ ಹೊಟ್ಟೆಯ ಭಾಗದಲ್ಲಿ ಅಷ್ಟು ಸಿಗಲ್ಲ. ಉಪ್ಪು ಈ ಕೆಲಸವನ್ನು ಇನ್ನಷ್ಟು ಚುರುಕು ಮಾಡುತ್ತೆ.

ಇಷ್ಟು ಗೊತ್ತಾದರೆ ಬ್ರಷ್ ಎಲ್ಲಿ ಇಡಬೇಕು ಅನ್ನೋದು ತಾನಾಗಿ ತಿಳಿಯುತ್ತೆ. ಸೀಳುಗಳ ಕೆಳಗಿನ ಅಂಚಿನಿಂದ ನೇರ ಕೆಳಕ್ಕೆ ಇಳಿಯೋ ತುಕ್ಕಿನ ಗೆರೆಗಳು. ಮೂತಿಯಲ್ಲಿ, ಲಂಗರಿನ ಸುತ್ತ ಕಿತ್ತ ಬಣ್ಣ. ಕಾನಿಂಗ್ ಟವರ್‌ನ ಏಣಿ, ಕೈಹಿಡಿ, ಬೂಟು ಉಜ್ಜೋ ಜಾಗದಲ್ಲಿ ಸವೆತ. ಪೆರಿಸ್ಕೋಪ್ ಕೊಳವೆಗೆ ತುಕ್ಕು ಹಿಡಿಸಬೇಡಿ, ಅದು ತುಕ್ಕು ತಡೆಯೋ ಲೋಹ. ಪ್ರೊಪೆಲರ್ ಕಂಚಿನದು, ಮಂಕಾಗುತ್ತೆ, ಕೇಸರಿ ಆಗಲ್ಲ. ಫಿರಂಗಿಗೆ ಗ್ರೀಸ್ ಮೆತ್ತಿರುತ್ತಾರೆ, ಅಲ್ಲಿ ಕಾಣೋದು ಕಪ್ಪು ಜಿಡ್ಡು.

ಇದನ್ನೆಲ್ಲ ಕಣ್ಣಾರೆ ನೋಡಬೇಕಾ? ಮಲ್ಪೆ ಅಥವಾ ಮಂಗಳೂರಿನ ದಕ್ಕೆಗೆ ಒಂದು ಬೆಳಗ್ಗೆ ಹೋಗಿ, ಉಕ್ಕಿನ ಮೀನುಗಾರಿಕಾ ಬೋಟುಗಳ ಬದಿ ನೋಡಿ. ನೀರು ಹೊರಬೀಳೋ ತೂತಿನ ಕೆಳಗೆ, ಹಗ್ಗ ಉಜ್ಜೋ ಅಂಚಲ್ಲಿ, ಬೆಸುಗೆಯ ಗೆರೆಯಲ್ಲಿ ತುಕ್ಕು ಹೇಗೆ ಕೂತಿದೆ ಅಂತ ಫೋಟೋ ತೆಗೆದುಕೊಳ್ಳಿ. ಹೊಸ ತುಕ್ಕು ಕೇಸರಿ, ಹಳೆಯದು ಕಾಫಿಪುಡಿ ಬಣ್ಣ, ಇನ್ನೂ ಹಳೆಯದು ಹೆಚ್ಚೂಕಮ್ಮಿ ಕಪ್ಪು. ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರ ಮ್ಯೂಸಿಯಂ ಆಗಿ ನಿಂತಿದೆ, 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತಿಯಾದದ್ದು. ಸಬ್‌ಮರೀನ್‌ನ ಆಕಾರ, ಒಳಗಿನ ಇಕ್ಕಟ್ಟು ತಿಳಿಯೋಕೆ ಅದಕ್ಕಿಂತ ಒಳ್ಳೆ ಜಾಗ ನಮಗೆ ಹತ್ತಿರದಲ್ಲಿಲ್ಲ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ. ಮ್ಯೂಸಿಯಂ ಹಡಗುಗಳಿಗೆ ಬಳಿಯೋ ಪೇಂಟ್ ಪ್ರವಾಸಿಗರಿಗಾಗಿ.

ಟೇಬಲ್ ಮೇಲೆ

ಪ್ರೈಮರ್ ಆದ ಮೇಲೆ ಮೊದಲ ಬಣ್ಣ ಬೂದು. ಜರ್ಮನ್ ಯು-ಬೋಟ್‌ಗಳು ಸಾಮಾನ್ಯವಾಗಿ ಮೇಲೆ ತಿಳಿ ಬೂದು, ನೀರಿನ ಗೆರೆಯ ಕೆಳಗೆ ಕಡು ಬೂದು. ಕೆಳಗಿನದು ಪಾಚಿ, ಚಿಪ್ಪು ಅಂಟದಂತೆ ಬಳಿಯೋ ವಿಷದ ಬಣ್ಣ. ಡಬ್ಬಿಯಲ್ಲಿರೋ ಬಣ್ಣವನ್ನು ಹಾಗೇ ಹಚ್ಚಿದರೆ ಸಣ್ಣ ಮಾಡೆಲ್ ಮೇಲೆ ಅದು ಕಪ್ಪಗೆ ಕಾಣುತ್ತೆ. 61 ಸೆಂಟಿಮೀಟರಿನ ಮಾಡೆಲನ್ನು ನಾವು ನೋಡೋದು ದೂರದ ಹಡಗನ್ನು ನೋಡಿದ ಹಾಗೆ, ನಡುವೆ ಗಾಳಿ, ಮಂಜು ಇದ್ದಂತೆ. ಅದಕ್ಕೆ ಸ್ವಲ್ಪ ಬಿಳಿ ಬೆರೆಸಿ ತಿಳಿ ಮಾಡಬೇಕು. ನಂತರ ಅದೇ ಬೂದನ್ನು ಎರಡು ಮೂರು ಛಾಯೆಗಳಲ್ಲಿ ಏರ್‌ಬ್ರಷ್‌ನಿಂದ ತಗಡು ತಗಡಿಗೆ ಬೇರೆಬೇರೆಯಾಗಿ ಊದಬೇಕು. ಬಿಸಿಲಿಗೆ ಎಲ್ಲ ಕಡೆ ಒಂದೇ ಸಮ ಮಾಸೋ ಬಣ್ಣ ಇಲ್ಲ.

ಡೆಕ್ ಮರದ್ದು. ಮರ ಅಂದ ತಕ್ಷಣ ಕಂದು ಹಚ್ಚೋರು ಬಹಳ ಜನ. ಕೊಳೆಯದಿರಲಿ ಅಂತ ಅದಕ್ಕೆ ಕಪ್ಪು ಲೇಪ ಕೊಡ್ತಿದ್ದರು. ಆದ್ದರಿಂದ ಕಡು ಬೂದು-ಕಪ್ಪು ಹಚ್ಚಿ, ನಡೆದಾಡೋ ದಾರಿಯಲ್ಲಿ ಮಾತ್ರ ಅಲ್ಲಲ್ಲಿ ಮಾಸಿದ ಮರ ಇಣುಕಲಿ.

ಬಣ್ಣ ಕಿತ್ತು ಬಂದ ಹಾಗೆ ತೋರಿಸೋಕೆ ಹೇರ್‌ಸ್ಪ್ರೇ ಸಾಕು. ಮೊದಲು ತುಕ್ಕಿನ ಬಣ್ಣ, ಅದು ಒಣಗಿದ ಮೇಲೆ ವಾರ್ನಿಶ್, ಅದರ ಮೇಲೆ ಹೇರ್‌ಸ್ಪ್ರೇ, ಆಮೇಲೆ ಅಕ್ರಿಲಿಕ್ ಬೂದು. ಅರ್ಧ ಗಂಟೆ ಬಿಟ್ಟು ಒದ್ದೆ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಬೂದು ಚಕ್ಕೆಯಾಗಿ ಎದ್ದು ಕೆಳಗಿನ ತುಕ್ಕು ಕಾಣುತ್ತೆ. ಇಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ: 1/144ರಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ 14 ಸೆಂಟಿಮೀಟರ್. ನಿಮಗೆ ಚುಕ್ಕಿ ಅನ್ನಿಸಿದ್ದು ಹಡಗಿನ ಮೇಲೆ ಅಂಗೈ ಅಗಲದ ಗಾಯ. ಹಾಗಾಗಿ ಕೈ ಬಿಗಿ ಹಿಡಿಯಿರಿ.

ಗೆರೆಗಳಿಗೆ ಆಯಿಲ್ ಪೇಂಟ್ ಒಳ್ಳೇದು. ಸೀಳಿನ ಅಂಚಲ್ಲಿ ಸೂಜಿಮೊನೆಯಷ್ಟು ಕಂದು ಇಟ್ಟು, ಥಿನ್ನರ್‌ನಲ್ಲಿ ಅದ್ದಿ ಒರೆಸಿದ ಚಪ್ಪಟೆ ಬ್ರಷ್‌ನಿಂದ ಕೆಳಕ್ಕೆ ಎಳೆಯಿರಿ, ಇದ್ದೂ ಇಲ್ಲದ ಹಾಗೆ ಆಗೋವರೆಗೆ. ನೀರಿನ ಗೆರೆಯಲ್ಲಿ ಹಸಿರು-ಕಂದು ಪಾಚಿಯ ಪಟ್ಟಿ. ಅದನ್ನು ಸ್ಕೇಲ್ ಇಟ್ಟು ಎಳೆದ ಹಾಗೆ ಮಾಡಬೇಡಿ, ಏಳುತ್ತ ಮುಳುಗುತ್ತ ಇರೋ ಹಡಗಿಗೆ ಒಂದೇ ಗೆರೆ ಇರಲ್ಲ. ಕೊನೆಗೆ ಎಲ್ಲದರ ಮೇಲೆ ಹೊಳಪಿಲ್ಲದ ವಾರ್ನಿಶ್, ಒದ್ದೆ ಇರಬೇಕಾದ ಕಡೆ ಮಾತ್ರ ಹೊಳಪಿನದು.

ಯು-180ಕ್ಕೆ ಇನ್ನೊಂದು ವಿಶೇಷ ಇದೆ: ಮಸಿ. 9ಡಿ1 ವರ್ಗದಲ್ಲಿ ಕಟ್ಟಿದ್ದು ಎರಡೇ ಹಡಗು, ಯು-180 ಮತ್ತು ಯು-195. ಸಾಮಾನ್ಯ ಸಬ್‌ಮರೀನ್ ಎಂಜಿನ್ ಬದಲು ವೇಗದ ಟಾರ್ಪಿಡೊ ಬೋಟ್‌ಗಳಿಗೆ ಅಂತ ಮಾಡಿದ ಡೈಮ್ಲರ್-ಬೆಂಜ್ ಎಂಜಿನ್ ಆರು ಕೂರಿಸಿದ್ದರು. ಪ್ರಯೋಗ ಕೈಕೊಟ್ಟಿತು. ಮುಂದೆ ಅವನ್ನು ಕಿತ್ತು, ಎರಡೂ ಹಡಗನ್ನು ಸರಕು ಸಾಗಿಸೋ ಸಬ್‌ಮರೀನ್ ಮಾಡಿದರು. ನೇತಾಜಿ ಹೋದದ್ದು ಆ ತೊಂದರೆಯ ಎಂಜಿನ್‌ಗಳ ಜೊತೆ. ಆದ್ದರಿಂದ ನನ್ನ ಮಾಡೆಲ್‌ನ ಹಿಂಭಾಗದಲ್ಲಿ, ಹೊಗೆ ಹೊರಬೀಳೋ ಜಾಗದ ಸುತ್ತ ತುಕ್ಕಿಗಿಂತ ಮಸಿ ಜಾಸ್ತಿ.

ಯಾವ ದಿನ?

ಇಲ್ಲಿಂದ ಮುಂದೆ ಪ್ರಶ್ನೆ ಬರೀ ಬಣ್ಣದ್ದಲ್ಲ. ಒಂದು ಹಡಗು ಎಷ್ಟು ಮಾಸಿದೆ ಅನ್ನೋದು ಯಾವ ದಿನದ್ದು ಅನ್ನೋದರ ಮೇಲೆ ನಿಂತಿದೆ. ಫೆಬ್ರವರಿ 9 ಅಂದರೆ ಹೊಸ ಬಣ್ಣ, ಚೊಕ್ಕ ಹಡಗು. ನಮ್ಮ ಪೋಸ್ಟರ್‌ಗಳಿಗೆ ಒಪ್ಪೋ ದೃಶ್ಯ ಅದು. ಏಪ್ರಿಲ್ ಕೊನೆ ಅಂದರೆ ಸುಮಾರು 11 ವಾರ ಉತ್ತರದ ಚಳಿ, ಸಮಭಾಜಕದ ಬಿಸಿಲು, ದಕ್ಷಿಣದ ಒರಟು ಅಲೆ ಉಂಡ ಹಡಗು. ಈ ನಡುವೆ, ಏಪ್ರಿಲ್ 18ಕ್ಕೆ, ದಕ್ಷಿಣ ಆಫ್ರಿಕಾದ ಬಳಿ ಯು-180 ಬ್ರಿಟನ್ನಿನ ಕಾರ್ಬಿಸ್ ಎಂಬ ಟ್ಯಾಂಕರನ್ನು ಮುಳುಗಿಸಿತು. ಅದರಲ್ಲಿದ್ದವರಲ್ಲಿ ಬಹುಪಾಲು ಜನ ಸತ್ತರು. ಆಗ ಬೋಸ್ ಹಡಗಿನಲ್ಲೇ ಇದ್ದರು. ನಾವು ಹಂಚಿಕೊಳ್ಳೋ ಕತೆಯಲ್ಲಿ ಕಾರ್ಬಿಸ್ ಹೆಸರು ಎಷ್ಟು ಸಲ ಕೇಳಿದ್ದೀರಿ?

ಜುಲೈ ತಿಂಗಳನ್ನು ಆರಿಸಿಕೊಂಡರೆ ಹಡಗು ಫ್ರಾನ್ಸಿನ ಬೋರ್ಡೋ ನೆಲೆಗೆ ಮರಳಿರುತ್ತೆ. ಅಲ್ಲಿ ಮತ್ತೆ ಹೊಸ ಬಣ್ಣ ಹಚ್ಚಬಹುದು. ಆ ನೆಲೆಯ ಕಾಂಕ್ರೀಟ್ ಬಂಕರ್ ಕಟ್ಟೋಕೆ ಬಲವಂತವಾಗಿ ದುಡಿಸಿದವರಲ್ಲಿ ಫ್ರಾಂಕೋನಿಂದ ತಪ್ಪಿಸಿಕೊಂಡು ಬಂದಿದ್ದ ಸ್ಪೇನಿನ ಗಣರಾಜ್ಯವಾದಿಗಳಿದ್ದರು. ಹಾಗಾಗಿ ಚೊಕ್ಕ ಬಣ್ಣದ ಹಿಂದೆಯೂ ಚೊಕ್ಕ ಇತಿಹಾಸ ಇಲ್ಲ.

ಹಾಗಂತ ಕೊಳೆ ಬಳಿದರೆ ಸತ್ಯ ಬಂದುಬಿಡುತ್ತೆ ಅಂತಲೂ ಅಲ್ಲ. ಯು-ಬೋಟ್ ವೆದರಿಂಗ್‌ಗೆ ಜಗತ್ತಿನೆಲ್ಲೆಡೆ ಮಾಡೆಲ್ ಮಾಡೋರು ನೋಡೋದು ಲೋಥರ್-ಗ್ಯುಂಥರ್ ಬುಖ್‌ಹೈಮ್ 1941ರಲ್ಲಿ ಯು-96ರಲ್ಲಿ ಹೋಗಿ ತೆಗೆದ ಫೋಟೋಗಳನ್ನು. ಮುಂದೆ 'ದಾಸ್ ಬೋಟ್' ಕಾದಂಬರಿ ಬರೆದದ್ದು ಇದೇ ಮನುಷ್ಯ. ಆದರೆ ಅವರು ಆ ಹಡಗು ಹತ್ತಿದ್ದು ನಾಜಿ ಪ್ರಚಾರ ದಳದ ವರದಿಗಾರನಾಗಿ. ಗಡ್ಡ ಬಿಟ್ಟ ನಾವಿಕರು, ಅಲೆಗೆ ಬಳಲಿದ ಹಡಗು, ದಣಿದು ಮನೆಗೆ ಬರೋ ವೀರರು, ಈ ಚಿತ್ರಕ್ಕೂ ಆಗ ಒಂದು ಉಪಯೋಗ ಇತ್ತು. ತುಕ್ಕನ್ನೂ ರೊಮ್ಯಾಂಟಿಕ್ ಮಾಡಬಹುದು. ಮೇಲಾಗಿ ಆ ಫೋಟೋಗಳು ಕಪ್ಪು ಬಿಳುಪು. ಯಾವುದು ತುಕ್ಕು, ಯಾವುದು ಎಣ್ಣೆ, ಯಾವುದು ಬರೀ ನೆರಳು ಅಂತ ನಾವೇ ತೀರ್ಮಾನಿಸಬೇಕು.

ಇನ್ನು ಬಾವುಟ. ಜರ್ಮನಿಯ ಕ್ರಿಮಿನಲ್ ಸಂಹಿತೆಯ 86ಎ ಕಲಂ ನಾಜಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸುತ್ತೆ. ಅದಕ್ಕೇ ಎಷ್ಟೋ ಕಿಟ್‌ಗಳ ಡೀಕಲ್ ಹಾಳೆಯಲ್ಲಿ ಸ್ವಸ್ತಿಕ ಇರಲ್ಲ, ಇದ್ದರೂ ತುಂಡುತುಂಡಾಗಿ ಇರುತ್ತೆ. ಬೂದು ಬಣ್ಣ ಅರ್ಧ ಛಾಯೆ ತಪ್ಪಿದರೆ ಜಗಳಕ್ಕೆ ನಿಲ್ಲೋ ನಮ್ಮವರು ಈ ವಿಷಯ ಬಂದರೆ "ಹವ್ಯಾಸದಲ್ಲಿ ರಾಜಕೀಯ ಬೇಡ" ಅಂತಾರೆ. ಅಂಚಿನ ತುಕ್ಕಿಗೆ ಕಾರಣ ಕೇಳೋರು ಹಡಗು ಯಾರದ್ದು, ಯಾಕೆ ಹೊರಟಿತ್ತು ಅಂತ ಕೇಳಬಾರದು ಅನ್ನೋದು ನನಗೆ ಅರ್ಥ ಆಗಲ್ಲ. ಬೋಸ್ ಆ ಹಡಗು ಹತ್ತಿದ್ದಕ್ಕೆ ಅವರದೇ ಕಾರಣ ಇತ್ತು, ಅದರ ಬಗ್ಗೆ ವಾದ ಮಾಡೋಣ. ಅದು ಹಿಟ್ಲರನ ನೌಕಾಪಡೆಯ ಹಡಗಾಗಿತ್ತು ಅನ್ನೋದರಲ್ಲಿ ವಾದ ಇಲ್ಲ. ಸಮುದ್ರದ ನಡುವೆ ಗಸ್ತಿನಲ್ಲಿರುವಾಗ ಯು-ಬೋಟ್‌ಗಳು ಸಾಮಾನ್ಯವಾಗಿ ಬಾವುಟ ಹಾರಿಸುತ್ತಿರಲಿಲ್ಲ. ಹಾಗಾಗಿ ನನ್ನ ಮಾಡೆಲ್ ಮೇಲೂ ಇಲ್ಲ. ಆದರೆ ಕೆಳಗಿನ ಹೆಸರಿನ ಪಟ್ಟಿಯಲ್ಲಿ 'ಜರ್ಮನ್ ನೌಕಾಪಡೆ' ಅಂತ ಬರೆಯೋ ಬದಲು 'ನಾಜಿ ಜರ್ಮನಿ' ಅಂತಲೇ ಬರೆದಿದ್ದೇನೆ.

1944ರ ಜುಲೈನಲ್ಲಿ ಅಮೆರಿಕದ ಸಬ್‌ಮರೀನ್ ಒಂದು ಐ-29ನ್ನು ಮುಳುಗಿಸಿತು. ಮುಂದಿನ ತಿಂಗಳು ಬಿಸ್ಕೆ ಕೊಲ್ಲಿಯಲ್ಲಿ ಯು-180 ಕಾಣೆಯಾಯಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ನಾನು ಆರಿಸಿಕೊಂಡದ್ದು ಏಪ್ರಿಲ್ ಕೊನೆಯ ವಾರ. ಒಡಲಿನ ಕೆಲಸ ಮುಗಿದಿದೆ, ಪಾಚಿಯ ಪಟ್ಟಿ ಒಣಗಿದೆ. ರಾಳ ಸುರಿದು ಅಲೆ ಮಾಡೋದು, ರಬ್ಬರ್ ದೋಣಿ ಬಾಕಿ. ಈ ಅಳತೆಯಲ್ಲಿ ಮನುಷ್ಯ ಅಂದರೆ 12 ಮಿಲಿಮೀಟರ್. ದೋಣಿಯಲ್ಲಿ ಕೂತ ಇಬ್ಬರಲ್ಲಿ ಬೋಸ್ ಯಾರು, ಹಸನ್ ಯಾರು ಅಂತ ಹತ್ತಿರ ಬಂದರೂ ಗೊತ್ತಾಗಲ್ಲ. ಹಿಂಭಾಗದ ಮಸಿ ಮಾತ್ರ ಕೋಣೆಯ ಆ ತುದಿಯಿಂದಲೂ ಕಾಣುತ್ತೆ.