ಒಂದು ಕಿಣ್ವ, ಒಂದು ಮಾತ್ರೆ: ದಿನ ತಪ್ಪಿಸಬೇಡಿ



ಪೊನ್ಕುಳಿ, ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ ಕಡೆಯ ನಮ್ಮವರು ಕ್ಯಾನ್ಸರ್ ಎಂದರೆ ಬೆಂಗಳೂರಿನ ಕಿದ್ವಾಯಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುತ್ತಾರೆ. ಕ್ರೋನಿಕ್ ಮೈಲಾಯ್ಡ್ ಲುಕೇಮಿಯಾ ಎಂಬ ರಕ್ತ ಕ್ಯಾನ್ಸರಿಗೆ ಅಲ್ಲಿ ಸಾಮಾನ್ಯವಾಗಿ ಮಾತ್ರೆ ಬರೆದು ಕಳುಹಿಸುತ್ತಾರೆ. ಇಷ್ಟು ದೊಡ್ಡ ರೋಗಕ್ಕೆ ಬರೀ ಮಾತ್ರೆಯೇ ಎಂದು ಮನೆಯವರಿಗೆ ಅನುಮಾನ ಬರುವುದು ಸಹಜ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅನುಮಾನ ಹೋಗುತ್ತದೆ.

ಜೀವಕೋಶವೂ ಒಂದು ಸರ್ಕಾರಿ ಕಚೇರಿಯಂತೆ. ‘ಬೆಳೆ’, ‘ಎರಡಾಗು’, ‘ನಿಲ್ಲು’ ಎಂಬ ಆದೇಶಗಳು ಕಡತದ ಹಾಗೆ ಮೇಜಿನಿಂದ ಮೇಜಿಗೆ ಸಾಗುತ್ತವೆ. ಮೊಹರು ಬೀಳದೆ ಕಡತ ಕದಲದು. ಈ ಮೊಹರು ಒತ್ತುವ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಎಟಿಪಿ ಎಂಬ ವಸ್ತುವಿನಿಂದ ಫಾಸ್ಫೇಟ್ ತೆಗೆದು ಇನ್ನೊಂದು ಪ್ರೋಟೀನಿಗೆ ಅಂಟಿಸುವುದೇ ಅವುಗಳ ಕೆಲಸ. ಎಟಿಪಿಯನ್ನು ಶಾಯಿಪೆಟ್ಟಿಗೆ ಎಂದುಕೊಳ್ಳಿ.

ಈ ರೋಗದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ. ಬದಲಾದ ವರ್ಣತಂತು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಣ್ಣಿಗೆ ಬಿತ್ತು; ಅದು ಅದಲುಬದಲು ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಇದರಿಂದ ಬಿಸಿಆರ್-ಎಬಿಎಲ್ ಎಂಬ ಕೆಟ್ಟ ಕೈನೇಸ್ ಹುಟ್ಟಿ, ಯಾರ ಆದೇಶವೂ ಇಲ್ಲದೆ ಮೊಹರು ಒತ್ತುತ್ತಲೇ ಇರುತ್ತದೆ. ಬಿಳಿ ರಕ್ತಕಣಗಳು ಮಿತಿಮೀರುತ್ತವೆ. ಇದು ಅಂಟುರೋಗವಲ್ಲ, ತಂದೆತಾಯಿಯಿಂದ ಮಕ್ಕಳಿಗೆ ಬರುವಂಥದ್ದೂ ಅಲ್ಲ.

ಇಮಾಟಿನಿಬ್ ಎಂಬ ಔಷಧ ಆ ಕೈನೇಸಿನಲ್ಲಿ ಶಾಯಿಪೆಟ್ಟಿಗೆ ಇರಬೇಕಾದ ಜಾಗದಲ್ಲೇ ಹೋಗಿ ಕೂರುತ್ತದೆ. ಶಾಯಿ ಸಿಗದೆ ಮೊಹರು ಬೀಳುವುದಿಲ್ಲ. 2001ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿತು. ನಮ್ಮಲ್ಲಿ ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ತಿಂಗಳಿಗೆ ಸುಮಾರು 1,20,000 ರೂಪಾಯಿ ಇದ್ದಾಗ, ಭಾರತದ ಕಂಪನಿಗಳ ಅದೇ ಔಷಧ ಸುಮಾರು 8,000ಕ್ಕೆ ಸಿಗುತ್ತಿತ್ತು. ಪೇಟೆಂಟ್ ಕೋರಿದ್ದ ನೊವಾರ್ಟಿಸ್ ಮನವಿಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರಿಂದ ಆ ಅಗ್ಗದ ಮಾತ್ರೆ ಬಡವರ ಕೈತಪ್ಪಲಿಲ್ಲ.

ಇನ್ನು ಮುಖ್ಯ ಮಾತು. ಮಾತ್ರೆ ಕೈನೇಸನ್ನು ತಡೆದು ಹಿಡಿಯುತ್ತದೆ, ಕಿತ್ತೆಸೆಯುವುದಿಲ್ಲ. ಜ್ವರ, ಸುಸ್ತು ಹೋಯಿತೆಂದು ನಿಲ್ಲಿಸಿದರೆ ಜಾಗ ಖಾಲಿಯಾಗಿ ಮೊಹರು ಮತ್ತೆ ಶುರು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮಾತ್ರೆ ತಪ್ಪಿಸುವವರಲ್ಲಿ ಗುಣ ಕಡಿಮೆ ಎಂದು ಅಧ್ಯಯನಗಳು ಹೇಳಿವೆ. ಕೆಲವರಲ್ಲಿ ಕೈನೇಸ್ ರೂಪ ಬದಲಿಸಿ ಮಾತ್ರೆಗೆ ಜಗ್ಗದಿದ್ದರೆ ವೈದ್ಯರು ಡಾಸಾಟಿನಿಬ್, ನಿಲೋಟಿನಿಬ್‌ನಂಥವನ್ನು ಕೊಡುತ್ತಾರೆ. ಇದು ತಿಳಿಯುವುದು ರಕ್ತಪರೀಕ್ಷೆಯಿಂದ, ಅದನ್ನೂ ತಪ್ಪಿಸಬಾರದು.

ಗಡಿಯಲ್ಲಿರುವ ನಮಗೆ ಮೂರು ಸೂಚನೆಗಳು:

1. ಕಂಪನಿಯ ಹೆಸರಲ್ಲ, ‘ಇಮಾಟಿನಿಬ್’ ಎಂಬ ಮೂಲ ಹೆಸರು ಮತ್ತು ಪ್ರಮಾಣವನ್ನು ಬರೆದಿಟ್ಟುಕೊಳ್ಳಿ. ಗಡಿಯ ಎರಡೂ ಕಡೆ ಅದೇ ನಡೆಯುತ್ತದೆ.

2. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ, ಮಳೆಗಾಲವೂ ನಂಬಿಕೆಯದಲ್ಲ. ಮಾತ್ರೆ ಮುಗಿಯುವ ವಾರ ಮೊದಲೇ ತರಿಸಿ.

3. ನಾಟಿ ಔಷಧ ಸೇವಿಸುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಕೆಲವು ಗಿಡಮೂಲಿಕೆಗಳು ಮಾತ್ರೆಯ ಬಲ ಕುಗ್ಗಿಸುತ್ತವೆ.

ನಿಮ್ಮ ಊರಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರಿದ್ದು ಓದಲು ಬಾರದಿದ್ದರೆ, ದಯವಿಟ್ಟು ಇದನ್ನು ಓದಿ ಹೇಳಿ.

– ಕಾರ್ಯದರ್ಶಿ